ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್ ಬಳಿ ಟೈರ್ ಬದಲಿಸಿಕೊಟ್ಟ ಅಣ್ಣನಿಗೆ

ಶನಿವಾರ ಕಾರಾಪುರದ ಕಬಿನಿ ಲಾಡ್ಜ್‌ಗೆ ಹೊರಟಿದ್ದ ನಮ್ಮ ಕಾರು ಪಂಕ್ಚರ್ ಆದಾಗ ಬೈಕ್ ನಿಲ್ಲಿಸಿ ಬಂದ ಅಣ್ಣ, ನಿಮಗೆ ತುಂಬು ಹೃದಯದ ಧನ್ಯವಾದ.

ಮೊದಲು ಹ್ಯಾಂಡ್‌ಬ್ರೇಕ್ ಎಳೆಸಿ ಚಕ್ರಕ್ಕೆ ಕಲ್ಲು ಕೊಟ್ಟಿರಿ. ಚಕ್ರ ನೆಲದ ಮೇಲಿರುವಾಗಲೇ ನಟ್ ಸಡಿಲಿಸಿದಿರಿ. ಎತ್ತಿದ ಮೇಲೆ ಬಲ ಹಾಕಿದರೆ ಚಕ್ರ ಸುತ್ತುತ್ತದೆ, ಜಾಕ್ ಜಾರುತ್ತದೆ. ಮೆತ್ತನೆ ಮಣ್ಣಿನಲ್ಲಿ ಜಾಕ್ ಹೂತುಹೋಗದಂತೆ ಅದರ ಕೆಳಗೆ ಹಲಗೆ ಇಟ್ಟಿರಲ್ಲ, ಅದು ಗಾಡಿ ಓಡಿಸುವ ಎಲ್ಲರಿಗೂ ಗೊತ್ತಿರಬೇಕು. ನಟ್‌ಗಳನ್ನು ಸಾಲಾಗಿ ಅಲ್ಲ, ಎದುರುಬದುರಾಗಿ ಬಿಗಿದಿರಿ. ಸ್ಟೆಪ್ನಿಗೆ ಗಾಳಿ ಕಡಿಮೆ, ಅಂತರಸಂತೆಯಲ್ಲಿ ತುಂಬಿಸಿ ಎಂದಿರಿ.

ಮುಂದೆ ಕೇರಳದ ಮಾನಂದವಾಡಿಗೆ ಹೋಗುವವರಿಗೆ: ಕಾಡಿನ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್, ಸ್ಟೆಪ್ನಿಯ ಗಾಳಿ ಮನೆಯಲ್ಲೇ ನೋಡಿಕೊಳ್ಳಿ.

ಹಣ ಮುಟ್ಟದೆ ಹೊರಟ ಅಣ್ಣ, ನಿಮ್ಮಿಂದಾಗಿ ಮಧ್ಯಾಹ್ನದ ಸಫಾರಿ ತಪ್ಪಲಿಲ್ಲ.