ಏರಿ ಕೆಳಗಿನ ಊರಿಗೆ ಹೊರಟ ಮಗಳಿಗೆ

ಮುನಿರಾಬಾದ್

ಪುಟ್ಟಿ,

ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಸೀಟು ಸಿಕ್ಕಿತು ಅಂತ ನೀನು ಫೋನ್ ಮಾಡಿದ ರಾತ್ರಿ ನಾನು ನಕ್ಷೆ ತೆಗೆದು ನೋಡಿದೆ. ಒಂದು ಕಡೆ ಮಿಸಿಸಿಪ್ಪಿ ನದಿ, ಇನ್ನೊಂದು ಕಡೆ ದೊಡ್ಡ ಸರೋವರ. ನಡುವೆ ಊರು, ಬಹಳಷ್ಟು ಜಾಗ ಸಮುದ್ರಮಟ್ಟಕ್ಕಿಂತ ಕೆಳಗೆ. ಮಳೆ ನೀರನ್ನೂ ಪಂಪ್ ಹಚ್ಚಿ ಹೊರಗೆ ಹಾಕಬೇಕಂತೆ. ಕೆರೆ ಅಂಗಳದಲ್ಲಿ ಮನೆ ಕಟ್ಟಿದ ಹಾಗಾಯ್ತು, ಅಲ್ವಾ?

2005ರ ಆಗಸ್ಟ್ 29ರಂದು ಅಲ್ಲಿಗೆ ಕತ್ರಿನಾ ಬಿರುಗಾಳಿ ಬಂದಾಗ ನೀನು ಎರಡು ವರ್ಷದ ಕೂಸು. ಟಿವಿ ನೋಡಿ, ಗಾಳಿಯೇ ಊರು ಹಾಳು ಮಾಡಿತು ಅಂದುಕೊಂಡಿದ್ದೆ. ಈಗ ಓದಿದರೆ ಬೇರೆಯೇ ಕತೆ. ಬಿರುಗಾಳಿಯ ಕಣ್ಣು ಊರಿನ ಪೂರ್ವಕ್ಕೇ ಸರಿದು ಹೋಗಿತ್ತು. ಕೈಕೊಟ್ಟಿದ್ದು ಏರಿಗಳು. 17ನೇ ಬೀದಿಯ ಕಾಲುವೆಯಲ್ಲಿ ನೀರು ಗೋಡೆಯ ತಲೆ ಮುಟ್ಟುವ ಮೊದಲೇ ಬುಡದ ಮೆತ್ತನೆ ಮಣ್ಣು ಜಾರಿತು. ಹೀಗೆ 50ಕ್ಕೂ ಹೆಚ್ಚು ಕಡೆ ಒಡೆದು, ಊರಿನ ನೂರಕ್ಕೆ 80 ಭಾಗ ನೀರಲ್ಲಿ ನಿಂತಿತು.

ಊರು ಬಿಡಿ ಅಂತ ಮೇಯರ್ ಹಿಂದಿನ ದಿನ ಆದೇಶ ಕೊಟ್ಟಿದ್ದರು. ಕಾರು ಇದ್ದವರು ಹೋದರು. ಇಲ್ಲದವರು ಎಲ್ಲಿಗೆ ಹೋಗಬೇಕು? ನೀರು ಏರಿದಂತೆ ಅಟ್ಟ ಹತ್ತಿದರು. ಆ ಅಟ್ಟದಿಂದ ಹೊರಗೆ ಬರಲು ದಾರಿ ಇಲ್ಲ. ಕೊಡಲಿ ಇದ್ದವರು ಚಾವಣಿ ಕಡಿದು ಮೇಲೆ ಬಂದರು. 1965ರ ಬೆಟ್ಸಿ ಬಿರುಗಾಳಿ ಕಂಡ ಹಿರಿಯರು ಅಟ್ಟದಲ್ಲಿ ಒಂದು ಕೊಡಲಿ ಇಟ್ಟಿರುತ್ತಿದ್ದರಂತೆ. ಇದನ್ನು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

2024ರ ಆಗಸ್ಟ್ 10ರ ರಾತ್ರಿ ನೆನಪಿದೆಯಾ? ನೀನು ಹಾಸ್ಟೆಲ್‌ನಲ್ಲಿದ್ದೆ. ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಭಾರ ಇಳಿಸಲು 33 ಗೇಟಿನಲ್ಲೂ ನೀರು ಬಿಟ್ಟರು. ನಿಮ್ಮಪ್ಪನಿಗೆ ನಾಟಿ ಮಾಡಿದ ಭತ್ತದ್ದೇ ಚಿಂತೆ, ಡ್ಯಾಮ್ ಖಾಲಿಯಾದರೆ ಕಾಲುವೆಗೆ ಏನು ಬರುತ್ತೆ ಅಂತ. ನಾನು ರೇಷನ್ ಕಾರ್ಡು, ಹೊಲದ ಪಹಣಿ, ನಿನ್ನ ಮಾರ್ಕ್ಸ್ ಕಾರ್ಡು ಎಲ್ಲ ಯೂರಿಯಾ ಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿಗೇ ಸ್ಟಾಪ್ ಲಾಗ್, ಅಂದರೆ ತಾತ್ಕಾಲಿಕ ಕಬ್ಬಿಣದ ತಡೆ, ಇಳಿಸಿ ಮುಚ್ಚುವ ತನಕ, ಒಂದು ವಾರ, ಆ ಚೀಲ ಇಳಿಸಲಿಲ್ಲ. ಗಾಳಿಯೂ ಇಲ್ಲ, ಸಮುದ್ರವೂ ಇಲ್ಲ. ಒಂದು ಚೈನು, ಅಷ್ಟೇ.

ಹೋಗಬೇಡ ಅಂತ ಹೇಳ್ತಿಲ್ಲ. ಅಲ್ಲಿ ಏರಿ, ಗೋಡೆ ಎಲ್ಲ ಹೊಸದಾಗಿ ಗಟ್ಟಿ ಮಾಡಿದ್ದಾರೆ. 2021ರಲ್ಲಿ, ಅದೇ ಆಗಸ್ಟ್ 29ಕ್ಕೆ ಐಡಾ ಬಿರುಗಾಳಿ ಬಂದಾಗ ಊರಿನ ಏರಿ ನಿಂತವು. ಆದರೆ ಊರಿಡೀ ಕರೆಂಟ್ ಹೋಯಿತು. ಜೂನ್‌ನಿಂದ ನವೆಂಬರ್‌ವರೆಗೆ ಅಲ್ಲಿ ಬಿರುಗಾಳಿ ಕಾಲ, ನೀನು ಇಳಿಯುವುದೂ ಆಗಸ್ಟಿನಲ್ಲೇ. ಪವರ್ ಬ್ಯಾಂಕ್ ಮರೀಬೇಡ.

ಮನೆ ಹಿಡಿಯುವಾಗ ಬಾಡಿಗೆ ಜಾಸ್ತಿಯಾದರೂ ಮೇಲಿನ ಮಹಡಿ ನೋಡು. ಮಾಲೀಕರನ್ನು ನಾಚಿಕೆ ಬಿಟ್ಟು ಕೇಳು, 2005ರಲ್ಲಿ ಈ ಗೋಡೆಗೆ ನೀರು ಎಲ್ಲಿ ತನಕ ಬಂದಿತ್ತು ಅಂತ. ಕೈ ಇಟ್ಟು ತೋರಿಸಲಿ.

ಕೊಡಲಿ ಕಳಿಸೋಣ ಅಂದೆ. ವಿಮಾನದಲ್ಲಿ ಒಳಗೆ ಬಿಡಲ್ಲ ಅಂತ ನಿಮ್ಮಪ್ಪ ನಗ್ತಾರೆ. ಅಲ್ಲೇ ಒಂದು ಕೊಂಡುಕೋ.

ನಿನ್ನ
ಅವ್ವ