ಈ ಭಾನುವಾರ ಬಸ್ಟರ್ ಕೀಟನ್

ಗೆಳೆಯರೇ, ಭಾನುವಾರ ಸಂಜೆ 6ಕ್ಕೆ ನಾವು ನೋಡುವುದು ಮೂಕಿ ಸಿನಿಮಾಗಳ ಹಾಸ್ಯನಟ, ನಿರ್ದೇಶಕ ಬಸ್ಟರ್ ಕೀಟನ್ ಅವರ 1926ರ ‘ದಿ ಜನರಲ್’. ಮಾತಿಲ್ಲದ ಸಿನಿಮಾ ಅಂತ ಹಿಂಜರಿಯಬೇಡಿ, ಮಕ್ಕಳನ್ನೂ ಕರೆದುಕೊಂಡು ಬನ್ನಿ.

ಕೀಟನ್ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಕಾನ್ಸಾಸ್‌ನಲ್ಲಿ. ಅಪ್ಪ ಅಮ್ಮ ಊರೂರು ತಿರುಗಿ ಪ್ರದರ್ಶನ ಕೊಡುತ್ತಿದ್ದವರು. ರಂಗದ ಮೇಲೆ ಅಪ್ಪ ಈ ಪುಟ್ಟ ಹುಡುಗನನ್ನು ಎತ್ತಿ ಎಸೆಯುತ್ತಿದ್ದರು. ಪೆಟ್ಟಾಗದಂತೆ ಬೀಳುವುದನ್ನು ಕಲಿತದ್ದು ಅಲ್ಲೇ. ತಾನು ನಗದಿದ್ದರೆ ಜನ ಜಾಸ್ತಿ ನಗುತ್ತಾರೆ ಅನ್ನೋದು ಗೊತ್ತಾಗಿದ್ದೂ ಅಲ್ಲೇ.

1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ನೋಡಿದವರಿಗೆ ಆ ಬಿರುಗಾಳಿ ನೆನಪಿರಬೇಕು, ಅಲ್ವಾ? ಮನೆಯ ಮುಂದಿನ ಗೋಡೆ ಇಡಿಯಾಗಿ ಅವರ ಮೇಲೆ ಬೀಳುತ್ತದೆ. ಮೇಲಿನ ಕಿಟಕಿಯ ಸಂದಿ ಸರಿಯಾಗಿ ಅವರು ನಿಂತ ಜಾಗಕ್ಕೇ ಬರುತ್ತದೆ. ಗೋಡೆ ನಿಜಕ್ಕೂ ಭಾರದ್ದು. ಸ್ವಲ್ಪ ಆಚೀಚೆ ಆಗಿದ್ದರೂ ಜೀವ ಹೋಗುತ್ತಿತ್ತು.

ಅದೇ ವರ್ಷ ಹಾಲಿವುಡ್‌ನ ದೊಡ್ಡ ಸಿನಿಮಾ ಕಂಪನಿ ಎಂಜಿಎಂ ಸೇರಿದರು. ಸ್ವಂತ ಇಷ್ಟದಂತೆ ಸಿನಿಮಾ ಮಾಡುವುದು ತಪ್ಪಿತು, ಕುಡಿತ ಹೆಚ್ಚಾಯಿತು, 1933ರಲ್ಲಿ ಕೆಲಸವೂ ಹೋಯಿತು. ಓದುವಾಗ ಹೊಟ್ಟೆ ಉರಿಯುತ್ತದೆ. 1960ರಲ್ಲಿ ಗೌರವ ಆಸ್ಕರ್ ಬಂತು, 1966ರಲ್ಲಿ ತೀರಿಕೊಂಡರು.

ಭಾನುವಾರ ಒಂದು ದೃಶ್ಯ ಮಾತ್ರ ತಪ್ಪಿಸಿಕೊಳ್ಳಬೇಡಿ. ಬೇಜಾರಲ್ಲಿ ರೈಲು ಎಂಜಿನ್ನಿನ ಚಕ್ರದ ಸರಳಿನ ಮೇಲೆ ಸುಮ್ನೆ ಕೂತಿರುತ್ತಾರೆ. ಎಂಜಿನ್ ಹೊರಡುತ್ತದೆ. ಸರಳಿನ ಜೊತೆ ಅವರೂ ಮೇಲೆ ಕೆಳಗೆ ಹೋಗುತ್ತಾರೆ. ಅವರಿಗೆ ಅದರ ಪರಿವೆಯೇ ಇಲ್ಲ.