‘ಶೀತಲ ಸಮರ’ ಅನ್ನುವ ಪದವನ್ನು ಮುನಿಸಿಗೆ ಬಳಸಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಮುಖಪುಟದಲ್ಲಿ ಒಂದೇ ಪಕ್ಷದ ಇಬ್ಬರು ನಾಯಕರ ಸುದ್ದಿ ಇತ್ತು. ಒಂದೇ ವೇದಿಕೆಯಲ್ಲಿ ಕೂತಿದ್ದರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲವಂತೆ. ಶೀರ್ಷಿಕೆ ‘ಮುಂದುವರಿದ ಶೀತಲ ಸಮರ’. ಹತ್ತನೇ ತರಗತಿಯಲ್ಲಿರುವ ನನ್ನ ಮೊಮ್ಮಗಳು ಅದನ್ನು ಓದಿದಳು. ಕೈಯಲ್ಲಿ ಸಮಾಜ ವಿಜ್ಞಾನದ ಪುಸ್ತಕವೂ ಇತ್ತು. “ಅಜ್ಜಿ, ಅಮೆರಿಕ, ರಷ್ಯಾನೂ ಹೀಗೇ ಮಾತು ಬಿಟ್ಟಿದ್ದವು, ಅಷ್ಟೇ ಅಲ್ವಾ? ಯಾರೂ ಸಾಯ್ಲಿಲ್ಲ ಅಲ್ವಾ?” ಅಂತ ಕೇಳಿದಳು.

ನಾನು 31 ವರ್ಷ ಹೈಸ್ಕೂಲಿನಲ್ಲಿ ಅದೇ ಪಾಠ ಮಾಡಿದವಳು. ‘ಶೀತಲ ಸಮರ ಎಂದರೇನು?’ ಎರಡು ಅಂಕದ ಪ್ರಶ್ನೆ. ‘ಎರಡನೇ ಮಹಾಯುದ್ಧದ ನಂತರ ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ನಡುವೆ ನೇರ ಯುದ್ಧವಿಲ್ಲದೆ ನಡೆದ ಪೈಪೋಟಿ.’ ಇಷ್ಟು ಬರೆದ ಮಕ್ಕಳಿಗೆ ಎರಡಕ್ಕೆ ಎರಡು ಕೊಟ್ಟಿದ್ದೇನೆ. ಸಾವಿರಾರು ಮಕ್ಕಳು ಆ ಒಂದು ವಾಕ್ಯ ಬಾಯಿಪಾಠ ಮಾಡಿಕೊಂಡು ಹೋಗಿದ್ದಾರೆ. ಮೊಮ್ಮಗಳ ಪ್ರಶ್ನೆ ಕೇಳಿದ ಮೇಲೆ ಆ ವಾಕ್ಯ ನನಗೆ ಚುಚ್ಚತೊಡಗಿದೆ. ಅದಕ್ಕೇ ಈ ಪತ್ರ.

ಈ ಪದ ಬಂದದ್ದೇ ಪತ್ರಿಕೆಯವರಿಂದ. 1945ರ ಅಕ್ಟೋಬರ್‌ನಲ್ಲಿ, ಹಿರೋಷಿಮಾ ಸುಟ್ಟು ಎರಡು ತಿಂಗಳಾಗಿತ್ತು. ಆಗ ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ ಲಂಡನ್ನಿನ ವಾರಪತ್ರಿಕೆಯೊಂದರ ಲೇಖನದಲ್ಲಿ ಇದನ್ನು ಬಳಸಿದರು. ಅಣುಬಾಂಬ್ ಇಟ್ಟುಕೊಂಡ ದೇಶ ಯಾರಿಗೂ ಸೋಲುವುದಿಲ್ಲ, ನೆರೆಯವರ ಜೊತೆ ಶಾಂತಿಯಿಂದಲೂ ಇರುವುದಿಲ್ಲ ಎಂಬ ಭಯದಲ್ಲಿ ಬರೆದ ಮಾತು ಅದು. 1947ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷರಿಗೆ ಸಲಹೆಗಾರರಾಗಿದ್ದ ಬರ್ನಾರ್ಡ್ ಬರೂಕ್ ಒಂದು ಭಾಷಣದಲ್ಲಿ ಇದನ್ನು ಹೇಳಿದರು. ಆ ಭಾಷಣ ಬರೆದುಕೊಟ್ಟವರು ಹರ್ಬರ್ಟ್ ಸ್ವೋಪ್, ಹಳೇ ಪತ್ರಿಕಾ ಸಂಪಾದಕರು. ಅದೇ ವರ್ಷ ಅಂಕಣಕಾರ ವಾಲ್ಟರ್ ಲಿಪ್‌ಮನ್ ಇದನ್ನು ಮನೆಮನೆಗೆ ಮುಟ್ಟಿಸಿದರು. ಹಾಗಾಗಿ ಈ ಪದದ ಬಗ್ಗೆ ಪತ್ರಿಕೆಯ ಸಂಪಾದಕರಿಗೇ ಬರೆಯುವುದು ಸರಿ ಅನ್ನಿಸಿತು.

ತಣ್ಣಗಿದ್ದದ್ದು ಎಲ್ಲಿ? ವಾಷಿಂಗ್ಟನ್ನಿನಲ್ಲಿ, ಮಾಸ್ಕೋದಲ್ಲಿ. ಆ ಎರಡು ಊರಿನ ಮೇಲೆ ಒಂದು ಬಾಂಬೂ ಬೀಳಲಿಲ್ಲ. ಎರಡು ಕೋಣ ಗುದ್ದಾಡಿದರೆ ಸಾಯುವುದು ಗಿಡ ಅಂತ ನಮ್ಮಲ್ಲಿ ಹಳೇ ಮಾತೇ ಇದೆ. ನಮ್ಮ ಪಾಠಗಳಲ್ಲಿ ಕೋಣಗಳ ಹೆಸರಿದೆ, ಗಿಡದ ಹೆಸರಿಲ್ಲ.

ಕೊರಿಯಾವನ್ನೇ ತಗೊಳ್ಳಿ. 1945ರ ಆಗಸ್ಟ್ 10ರ ನಡುರಾತ್ರಿ. ಕೊರಿಯಾವನ್ನು ಆಳುತ್ತಿದ್ದ ಜಪಾನ್ ಶರಣಾಗುವ ಹೊತ್ತು. ವಾಷಿಂಗ್ಟನ್ನಿನ ಒಂದು ಕಚೇರಿಯಲ್ಲಿ ಡೀನ್ ರಸ್ಕ್, ಚಾರ್ಲ್ಸ್ ಬೋನ್‌ಸ್ಟೀಲ್ ಅನ್ನುವ ಇಬ್ಬರು ಸೇನಾಧಿಕಾರಿಗಳಿಗೆ ಅರ್ಧ ಗಂಟೆ ಕೊಟ್ಟರು. ಕೊರಿಯಾದಲ್ಲಿ ಸೋವಿಯತ್ ಸೇನೆ ಎಲ್ಲಿಗೆ ನಿಲ್ಲಬೇಕು, ಅಮೆರಿಕದ ಸೇನೆ ಎಲ್ಲಿಂದ ಶುರುವಾಗಬೇಕು, ಗೆರೆ ಹಾಕಿ ಅಂದರು. ಅವರ ಮುಂದೆ ಇದ್ದದ್ದು ನ್ಯಾಷನಲ್ ಜಿಯಾಗ್ರಫಿಕ್‌ನ ಒಂದು ನಕ್ಷೆ. ರಾಜಧಾನಿ ಸಿಯೋಲ್ ತಮ್ಮ ಕಡೆ ಉಳಿಯಬೇಕು ಅನ್ನುವುದಷ್ಟೇ ಅವರಿಗೆ ಬೇಕಿತ್ತು. 38ನೇ ಅಕ್ಷಾಂಶ ಆರಿಸಿದರು. ಮಾಸ್ಕೋ ಒಪ್ಪಿತು. ಕೊರಿಯಾದ ಒಬ್ಬರನ್ನೂ ಕೇಳಲಿಲ್ಲ.

1950ರ ಜೂನ್ 25ರಂದು ಉತ್ತರದ ಸೇನೆ ಆ ಗೆರೆ ದಾಟಿತು. ಸ್ಟಾಲಿನ್ ಒಪ್ಪಿಗೆ ಕೊಟ್ಟ ಮೇಲೇ ದಾಟಿದ್ದು. ದಕ್ಷಿಣದ ಪರ ಅಮೆರಿಕ, ಉತ್ತರದ ಪರ ಚೀನಾ ನಿಂತು ಮೂರು ವರ್ಷ ಯುದ್ಧ ನಡೆಯಿತು. ಸತ್ತವರು 20 ಲಕ್ಷಕ್ಕೂ ಜಾಸ್ತಿ, ಅವರಲ್ಲಿ ಹೆಚ್ಚಿನವರು ಸೈನಿಕರಲ್ಲ, ಸಾಮಾನ್ಯ ಜನ.

‘ನೇರ ಯುದ್ಧವಿಲ್ಲದೆ’ ಅನ್ನುವ ಮಾತೂ ಪೂರ್ತಿ ನಿಜವಲ್ಲ. ಕೊರಿಯಾದ ಆಕಾಶದಲ್ಲಿ ಮಿಗ್-15 ಯುದ್ಧವಿಮಾನಗಳನ್ನು ಹಾರಿಸಿದವರಲ್ಲಿ ಸೋವಿಯತ್ ಪೈಲಟ್‌ಗಳೂ ಇದ್ದರು. ವಿಮಾನದ ಮೇಲೆ ಚೀನಾದ್ದೋ ಉತ್ತರ ಕೊರಿಯಾದ್ದೋ ಗುರುತು. ರೇಡಿಯೊದಲ್ಲಿ ರಷ್ಯನ್ ಮಾತಾಡಬಾರದು, ಕೊರಿಯನ್‌ನಲ್ಲೇ ಮಾತಾಡಬೇಕು ಅಂತ ಅವರಿಗೆ ಆಜ್ಞೆ ಇತ್ತು. ಶತ್ರು ಬೆನ್ನ ಹಿಂದೆ ಬಂದಾಗ ಯಾರಿಗೆ ಪರಭಾಷೆ ನೆನಪಾಗುತ್ತೆ? ಬಾಯಿಗೆ ಬಂದದ್ದು ರಷ್ಯನ್ನೇ. ಅಮೆರಿಕದವರು ಅದನ್ನು ಕೇಳಿಸಿಕೊಂಡರು. ಅವರೂ ಸುಮ್ಮನಿದ್ದರು. ಹೊರಗೆ ಗೊತ್ತಾದರೆ ತಮ್ಮ ಜನ ರಷ್ಯಾ ಮೇಲೇ ಯುದ್ಧ ಮಾಡಿ ಅಂತ ಒತ್ತಾಯಿಸುತ್ತಾರೆ ಅನ್ನುವ ಅಂಜಿಕೆ. ಎರಡೂ ಸರ್ಕಾರ ಸೇರಿ ಈ ಸಂಗತಿಯನ್ನು ಮುಚ್ಚಿಟ್ಟವು, ನಾನು ‘ನೇರ ಯುದ್ಧವಿಲ್ಲದೆ’ ಅಂತಲೇ ಮಕ್ಕಳಿಗೆ ವ್ಯಾಖ್ಯಾನ ಬರೆಸಿದ್ದೆ. ಇದು ಗೊತ್ತಾದಾಗ ನಾನು ನಿವೃತ್ತಳಾಗಿ ಬಹಳ ಕಾಲವಾಗಿತ್ತು.

ಯುದ್ಧ ನಿಂತರೂ ಕೈದಿಗಳ ತಕರಾರು ನಿಲ್ಲಲಿಲ್ಲ. ಅಮೆರಿಕದ ಕಡೆ ಸೆರೆಯಲ್ಲಿದ್ದ ಚೀನಾ ಮತ್ತು ಉತ್ತರ ಕೊರಿಯಾದ 22 ಸಾವಿರಕ್ಕೂ ಹೆಚ್ಚು ಕೈದಿಗಳು ವಾಪಸ್ ಹೋಗಲ್ಲ ಅಂದರು. ಅವರನ್ನು ಕಾಯುವ ಕೆಲಸ ಭಾರತದ ಸೈನಿಕರ ಮೇಲೆ ಬಿತ್ತು. ಅದಕ್ಕಾಗಿ ರಚಿಸಿದ್ದ ತಟಸ್ಥ ದೇಶಗಳ ಆಯೋಗದ ಅಧ್ಯಕ್ಷರು ನಮ್ಮ ಜನರಲ್ ತಿಮ್ಮಯ್ಯನವರು. ಒಬ್ಬೊಬ್ಬ ಕೈದಿಯನ್ನೂ ಒಂದು ಡೇರೆಗೆ ಕರೆತರುತ್ತಿದ್ದರು. ಅವನ ದೇಶದ ಅಧಿಕಾರಿ ಎದುರಿಗೆ ಕೂತು, ಊರಿಗೆ ಬಾ, ಏನೂ ಮಾಡಲ್ಲ ಅಂತ ಹೇಳಬೇಕು. ಡೇರೆಯಿಂದ ಹೊರಹೋಗಲು ಎರಡು ಬಾಗಿಲು. ಒಂದರಲ್ಲಿ ಹೋದರೆ ಊರು, ಇನ್ನೊಂದರಲ್ಲಿ ಹೋದರೆ ಮತ್ತೆ ಶಿಬಿರ. ಎಷ್ಟೋ ಜನ ಒಳಗೆ ಬಂದವರೇ ಕಿರುಚುತ್ತಿದ್ದರು, ಅಧಿಕಾರಿ ಮೇಲೆ ಏರಿ ಹೋಗುತ್ತಿದ್ದರು. ನಮ್ಮ ಸಿಪಾಯಿಗಳು ಹಿಡಿದುಕೊಳ್ಳಬೇಕಾಗುತ್ತಿತ್ತು. ಕೊನೆಗೆ 88 ಮಂದಿ ಎರಡು ಕಡೆಯೂ ಬೇಡ, ಬೇರೆ ಯಾವುದಾದರೂ ದೇಶ ಸಾಕು ಅಂದರು. 1954ರಲ್ಲಿ ಅವರು ನಮ್ಮ ಸೈನಿಕರ ಜೊತೆಗೇ ಹಡಗು ಹತ್ತಿ ಭಾರತಕ್ಕೆ ಬಂದರು. ಮುಂದೆ ಎಷ್ಟೋ ಜನ ಬ್ರೆಜಿಲ್, ಅರ್ಜೆಂಟೀನಾ ಕಡೆ ಹೋದರು. ಹುಟ್ಟಿದ ಊರನ್ನು ಬಿಟ್ಟು, ಕೇಳಿಯೂ ಇರದ ಊರಿನಲ್ಲಿ ಮುದುಕರಾದರು.

ಇನ್ನೊಂದನ್ನು ಮೊಮ್ಮಗಳಿಗೆ ಹೇಳುವಾಗ ನನಗೆ ಗಂಟಲು ಕಟ್ಟಿತು. 1983ರ ಜೂನ್ 30ರ ರಾತ್ರಿ ದಕ್ಷಿಣ ಕೊರಿಯಾದ ಕೆಬಿಎಸ್ ಟಿವಿಯಲ್ಲಿ ಒಂದು ಕಾರ್ಯಕ್ರಮ ಶುರುವಾಯಿತು. ಯುದ್ಧದ ಗದ್ದಲದಲ್ಲಿ ಕೈ ತಪ್ಪಿ ಹೋದ ಬಂಧುಗಳನ್ನು ಹುಡುಕಿಕೊಡುವುದು ಅದರ ಕೆಲಸ. 95 ನಿಮಿಷಕ್ಕೆ ಅಂತ ಯೋಜಿಸಿದ್ದರು. ಜನ ಬಂದರು, ಬರುತ್ತಲೇ ಇದ್ದರು. ಕೈಯಲ್ಲಿ ರಟ್ಟಿನ ಹಲಗೆ. ಅದರ ಮೇಲೆ ಹೆಸರು, ಅಪ್ಪ ಅಮ್ಮನ ಹೆಸರು, ಕಡೇ ಸಲ ನೋಡಿದ ಜಾಗ. ಕೆಬಿಎಸ್ ಕಟ್ಟಡದ ಗೋಡೆ, ಅಂಗಳ ಎಲ್ಲಾ ಅಂಥ ಕಾಗದಗಳಿಂದ ತುಂಬಿಹೋಯಿತು. ಪರದೆಯನ್ನು ಎರಡು ಭಾಗ ಮಾಡಿ, ಸಿಯೋಲ್ ಸ್ಟುಡಿಯೊದಲ್ಲಿ ಒಬ್ಬರನ್ನು, ಬೇರೆ ಊರಿನ ಸ್ಟುಡಿಯೊದಲ್ಲಿ ಇನ್ನೊಬ್ಬರನ್ನು ತೋರಿಸುತ್ತಿದ್ದರು. ಅವರು ಅಲ್ಲಿಂದಲೇ ಒಬ್ಬರನ್ನೊಬ್ಬರು ಕೇಳಬೇಕು. ಮನೆಯಲ್ಲಿ ನಿನ್ನನ್ನು ಏನಂತ ಕರೀತಿದ್ದರು? ಮೈಮೇಲೆ ಗಾಯದ ಗುರುತು ಇದೆಯಾ? ಉತ್ತರ ಕೂಡಿ ಬಂದರೆ ಮುಗೀತು, ಇಬ್ಬರೂ ನಿಂತಲ್ಲೇ ಅಳುವುದು.

95 ನಿಮಿಷದ ಕಾರ್ಯಕ್ರಮ ನವೆಂಬರ್ 14ರವರೆಗೆ ನಡೆಯಿತು. ಒಟ್ಟು 453 ಗಂಟೆ 45 ನಿಮಿಷ ಪ್ರಸಾರ. 53,536 ಮಂದಿಯ ಕಥೆ ತೆರೆಯ ಮೇಲೆ ಬಂತು. 10,189 ಕುಟುಂಬ ಒಂದಾದವು. ಇದನ್ನು ಗಮನಿಸಬೇಕು: ಇವರೆಲ್ಲ ಗೆರೆಯ ಒಂದೇ ಕಡೆ ಇದ್ದವರು. ಬಸ್ಸಿಗೆ ಕೂತರೆ ಕೆಲವೇ ಗಂಟೆಯ ದೂರದಲ್ಲಿ, ತಂಗಿ ಬದುಕಿದ್ದಾಳೋ ಇಲ್ಲವೋ ಗೊತ್ತಿಲ್ಲದೆ ಮೂವತ್ತು ವರ್ಷ ಕಳೆದವರು. ಗೆರೆಯ ಆ ಕಡೆ ಉಳಿದವರ ಸುದ್ದಿ ಟಿವಿಗೂ ಸಿಗುವಂತಿರಲಿಲ್ಲ. ಉತ್ತರದವರನ್ನೂ ದಕ್ಷಿಣದವರನ್ನೂ ಒಟ್ಟಿಗೆ ಕೂರಿಸುವ ಭೇಟಿಗಳು ಮುಂದೆ ಆಗಾಗ ನಡೆದವು. ಅಣ್ಣ ತಂಗಿ ಎರಡು ದಿನ, ಮೂರು ದಿನ ನೋಡಿಕೊಂಡು, ಬಸ್ಸಿನ ಕಿಟಕಿಗೆ ಕೈ ಒತ್ತಿ ಬೀಳ್ಕೊಡುತ್ತಿದ್ದರು. ಕೊನೆಯ ಭೇಟಿ ನಡೆದದ್ದು 2018ರ ಆಗಸ್ಟ್‌ನಲ್ಲಿ. ದಕ್ಷಿಣದಲ್ಲಿ ಹೆಸರು ಬರೆಸಿದ್ದವರು 1,30,000ಕ್ಕೂ ಹೆಚ್ಚು. ಅವರಲ್ಲಿ ಹೆಚ್ಚಿನವರು ಕಾಯುತ್ತಲೇ ತೀರಿಕೊಂಡರು.

ಕೊರಿಯಾ ಒಂದೇ ಅಲ್ಲ. 1956ರಲ್ಲಿ ಹಂಗೆರಿ ತನ್ನ ದಾರಿ ತಾನು ನೋಡಿಕೊಳ್ಳುತ್ತೇನೆ ಅಂದಾಗ ಬುಡಾಪೆಸ್ಟ್ ಬೀದಿಗೆ ಸೋವಿಯತ್ ಟ್ಯಾಂಕ್ ಬಂದವು. ಸುಮಾರು 2 ಲಕ್ಷ ಜನ ದೇಶ ಬಿಟ್ಟರು. 1954ರಲ್ಲಿ ಗ್ವಾಟೆಮಾಲಾದ ಚುನಾಯಿತ ಅಧ್ಯಕ್ಷರನ್ನು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಇಳಿಸಿತು. ಆಮೇಲೆ ಆ ಪುಟ್ಟ ದೇಶದಲ್ಲಿ 36 ವರ್ಷ ಅಂತರ್ಯುದ್ಧ, 2 ಲಕ್ಷ ಸಾವು. ಇಂಡೊನೇಷ್ಯಾದಲ್ಲಿ 1965-66ರಲ್ಲಿ ಕಮ್ಯುನಿಸ್ಟರು ಅನ್ನುವ ಹೆಸರಿನಲ್ಲಿ ಕೊಂದದ್ದು ಕಡಿಮೆ ಅಂದರೂ 5 ಲಕ್ಷ ಜನರನ್ನು. ಕಾಂಗೋದ ಮೊದಲ ಪ್ರಧಾನಿ ಲುಮುಂಬಾ ಅವರನ್ನು 1961ರ ಜನವರಿಯಲ್ಲಿ ಕೊಂದು, ಶವವನ್ನೂ ಆಸಿಡ್‌ನಲ್ಲಿ ಕರಗಿಸಿದರು. ಉಳಿದದ್ದು ಒಂದು ಹಲ್ಲು. ಹಿಂದೆ ಕಾಂಗೋವನ್ನು ಆಳಿದ್ದ ಬೆಲ್ಜಿಯಂ ಅದನ್ನು ಅವರ ಮಕ್ಕಳಿಗೆ ಕೊಟ್ಟದ್ದು 2022ರಲ್ಲಿ.

ಲಾವೋಸ್ ಬಗ್ಗೆ ನಮ್ಮ ಪುಸ್ತಕಗಳಲ್ಲಿ ಒಂದು ಸಾಲೂ ಇರಲಿಲ್ಲ. 1964ರಿಂದ 1973ರವರೆಗೆ ಅಮೆರಿಕ ಆ ಬಡ ದೇಶದ ಮೇಲೆ 20 ಲಕ್ಷ ಟನ್‌ಗೂ ಹೆಚ್ಚು ಬಾಂಬ್ ಸುರಿಯಿತು. ಅದರೊಳಗೆ ಚೆಂಡಿನ ಗಾತ್ರದ ಸಣ್ಣ ಬಾಂಬ್‌ಗಳೇ ಸುಮಾರು 27 ಕೋಟಿ. ಅದರಲ್ಲಿ 8 ಕೋಟಿಯಷ್ಟು ಸಿಡಿಯಲಿಲ್ಲ. ಗದ್ದೆಯಲ್ಲಿ, ಶಾಲೆಯ ಅಂಗಳದಲ್ಲಿ, ಬಿದಿರು ಮೆಳೆಯಲ್ಲಿ ಮಣ್ಣಿನ ಒಳಗೆ ಕೂತಿವೆ. ಅಲ್ಲಿನ ಜನ ಅವನ್ನು ‘ಬಾಂಬಿ’ ಅನ್ನುತ್ತಾರೆ. ಮಕ್ಕಳು ಚೆಂಡು ಅಂತ ಎತ್ತಿಕೊಳ್ಳುತ್ತಾರೆ. ಇನ್ನೊಂದು ಕಡೆ ಅಫ್ಗಾನಿಸ್ತಾನ. 1979ರ ಡಿಸೆಂಬರ್‌ನಲ್ಲಿ ಅಲ್ಲಿಗೆ ನುಗ್ಗಿದ ಸೋವಿಯತ್ ಸೇನೆ ಹೆಲಿಕಾಪ್ಟರಿನಿಂದ ಚಿಟ್ಟೆ ಆಕಾರದ ಹಸಿರು ಪ್ಲಾಸ್ಟಿಕ್ ನೆಲಬಾಂಬ್ ಉದುರಿಸಿತು. ರೆಕ್ಕೆ ಇರುವುದರಿಂದ ತಿರುಗುತ್ತಾ ಮೆಲ್ಲಗೆ ಇಳಿಯುತ್ತದೆ. ಅಲ್ಲಿನ ಮಕ್ಕಳೂ ಅದನ್ನು ಆಟಿಕೆ ಅಂತಲೇ ಎತ್ತಿಕೊಂಡರು, ಕೈ ಕಳೆದುಕೊಂಡರು. ಅಮೆರಿಕ ಅದಕ್ಕೂ ಮೊದಲು ಹೆಚ್ಚುಕಮ್ಮಿ ಅದೇ ಆಕಾರದ ನೆಲಬಾಂಬನ್ನು ವಿಯೆಟ್ನಾಂ ಯುದ್ಧದಲ್ಲಿ ಬಳಸಿತ್ತು. ಎಲ್ಲ ವಿಷಯದಲ್ಲೂ ಉತ್ತರ ದಕ್ಷಿಣ ಆಗಿದ್ದ ಇಬ್ಬರು ಇದರಲ್ಲಿ ಹೀಗೆ ಒಂದಾಗಿದ್ದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಸಂಪಾದಕರೇ, ನನ್ನ ಬೇಡಿಕೆ ದೊಡ್ಡದಲ್ಲ. ಇಬ್ಬರು ನಾಯಕರು ಮಾತು ಬಿಟ್ಟರೆ, ಒಂದೇ ತಂಡದ ಇಬ್ಬರು ಆಟಗಾರರಿಗೆ ಆಗಿಬರದಿದ್ದರೆ, ಅದಕ್ಕೆ ಕನ್ನಡದಲ್ಲಿ ಪದಗಳ ಬರವಿಲ್ಲ. ಮುನಿಸು ಇದೆ. ಒಳಜಗಳ ಇದೆ. ವೈಮನಸ್ಸು ಇದೆ. ಮುಸುಕಿನ ಗುದ್ದಾಟ ಇದೆ, ಎಂಥಾ ಚೆಂದದ ಮಾತು ಅದು, ಕಣ್ಣಿಗೆ ಕಟ್ಟುತ್ತೆ. ಅವನ್ನು ಬಳಸಿ. ‘ಶೀತಲ ಸಮರ’ವನ್ನು ಅದರ ಜಾಗಕ್ಕೇ ಬಿಟ್ಟುಬಿಡಿ. ಆ ಜಾಗದಲ್ಲೂ ಅದು ಅರ್ಧ ಸತ್ಯದ ಹೆಸರು. ಆದರೆ ಬದಲಿಸುವ ಕಾಲ ಮೀರಿದೆ, ಅದು ನನಗೆ ಗೊತ್ತು. ಮುನಿಸಿಗೂ ಅದನ್ನೇ ಅಂಟಿಸಿದರೆ ಮಕ್ಕಳು ಉಳಿದರ್ಧವನ್ನು ಹುಡುಕುವುದೇ ಇಲ್ಲ. ನನ್ನ ಮೊಮ್ಮಗಳು ಕೇಳಿದ್ದೇ ಇದಕ್ಕೆ ಸಾಕ್ಷಿ.

ಇನ್ನೊಂದು ಕೋರಿಕೆ. ಬರುವ ಜುಲೈ 27ಕ್ಕೆ ಒಳಪುಟದಲ್ಲಾದರೂ ಕೊರಿಯಾದ ಬಗ್ಗೆ ಒಂದು ಕಾಲಂ ಜಾಗ ಕೊಡಿ. 1953ರ ಆ ದಿನ ಬೆಳಿಗ್ಗೆ 10 ಗಂಟೆಗೆ ಎರಡು ಕೊರಿಯಾಗಳ ಗಡಿಯ ಹತ್ತಿರದ ಪನ್‌ಮುಂಜೋಮ್‌ನಲ್ಲಿ ಎರಡು ಕಡೆಯ ಜನರಲ್‌ಗಳು, ಅಮೆರಿಕದ ಹ್ಯಾರಿಸನ್ ಮತ್ತು ಉತ್ತರ ಕೊರಿಯಾದ ನಾಮ್ ಇಲ್, ಬೇರೆ ಬೇರೆ ಮೇಜಿನಲ್ಲಿ ಕೂತು ಸಹಿ ಹಾಕಿದರು. ಹತ್ತು ಹನ್ನೆರಡು ನಿಮಿಷದ ಕೆಲಸ. ಒಂದು ಮಾತೂ ಆಡದೆ ಎದ್ದು ಹೋದರು. ಕದನ ವಿರಾಮ ಜಾರಿಯಾದದ್ದು ರಾತ್ರಿ 10ಕ್ಕೆ. ಸಹಿ ಬಿದ್ದ ಮೇಲೂ ಆ ಹನ್ನೆರಡು ಗಂಟೆ ಫಿರಂಗಿ ಹಾರುತ್ತಲೇ ಇತ್ತು. ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ.

ಇತಿ ನಿಮ್ಮ ದಿನನಿತ್ಯದ ಓದುಗರಲ್ಲೊಬ್ಬಳು,
ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ